ಜಲ್ಲಿಯ ಹಾದಿಯಲ್ಲಿ ಸ್ಪಿತಿಗೆ

ಬೈಸಿಕಲ್ಲು ಎಂದೊಡನೆ ನಮ್ಮ ಪಟ್ಟಣಿಗರ ಕಣ್ಣಮುಂದೆ ಬರುವುದು ಶಾಲೆಗೆ ಹೊರಟ ಹುಡುಗ, ಹಾಲಿನ ಕ್ಯಾನುಗಳನ್ನು ಇಳಿಬಿಟ್ಟುಕೊಂಡು ಮನೆಮನೆಗೂ ಸುತ್ತುವ ಹಾಲಿನವ, ಸಂಜೆಯ ಹೊತ್ತು ಕಾಯಿಪಲ್ಯದ ಚೀಲವನ್ನು ತೂಗುಹಾಕಿಕೊಂಡು ಮನೆಗೆ ಮರಳುವ ಗುಮಾಸ್ತ. ಸಮುದ್ರಮಟ್ಟದಿಂದ ಹದಿನೈದು ಸಾವಿರ ಅಡಿ ಎತ್ತರದಲ್ಲಿ, ಮರವೊಂದೂ ಕಾಣದ ಬೋಳು ಬೆಟ್ಟಗಳ ನಡುವೆ ಒಬ್ಬಂಟಿ ಸವಾರನು ಪೆಡಲು ತುಳಿಯುತ್ತ ಬರುವುದನ್ನು ಊಹಿಸಿಕೊಳ್ಳುವುದು ಕಷ್ಟವೇ. ಆದರೆ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಬೇಸಗೆಯ ತಿಂಗಳುಗಳಲ್ಲಿ ಈ ನೋಟ ಅಪರೂಪವೇನಲ್ಲ.

ಸ್ಪಿತಿ ಎಂದರೆ 'ನಡುವಣ ನಾಡು'. ಒಂದು ಕಡೆ ಟಿಬೆಟ್ಟಿನ ಪ್ರಸ್ಥಭೂಮಿ, ಇನ್ನೊಂದು ಕಡೆ ಭಾರತದ ಹಸುರು ತಪ್ಪಲು. ಇವೆರಡರ ನಡುವೆ ಇರುವುದರಿಂದ ಈ ಹೆಸರು. ಮುಂಗಾರಿನ ಮೋಡಗಳು ದಕ್ಷಿಣದ ಪರ್ವತಸಾಲುಗಳಿಗೆ ಬಡಿದು ತಮ್ಮ ಹೊರೆಯನ್ನು ಅಲ್ಲಿಯೇ ಇಳಿಸಿಬಿಡುತ್ತವೆ. ಬೆಟ್ಟದಾಚೆಗೆ ತಲುಪುವ ಮಳೆ ಅತ್ಯಲ್ಪ. ಆದ್ದರಿಂದ ಈ ಕಣಿವೆ ಒಂದು ಶೀತಲ ಮರುಭೂಮಿ. ಮಣ್ಣಿನ ಬಣ್ಣಗಳೇ ಇಲ್ಲಿನ ಸಿರಿ. ಹಿಮ ಕರಗಿದ ನೀರನ್ನು ಕಾಲುವೆ ಮಾಡಿ ತಂದ ಕಡೆಯಲ್ಲಿ ಮಾತ್ರ ಬಾರ್ಲಿಯ ಮತ್ತು ಬಟಾಣಿಯ ಹೊಲಗಳು ಹಸುರು ಕಂಬಳಿಯ ತುಂಡುಗಳಂತೆ ಕಾಣುತ್ತವೆ.

ಹೊಸ ಬಗೆಯ ಸೈಕಲ್ಲು

ಈ ಹಾದಿಗೆ ಹೇಳಿ ಮಾಡಿಸಿದಂಥ ಸೈಕಲ್ಲೊಂದು ಈಗ ಬಳಕೆಗೆ ಬಂದಿದೆ. ಅದನ್ನು 'ಗ್ರಾವೆಲ್ ಬೈಕ್' ಎನ್ನುತ್ತಾರೆ. ನೋಡುವುದಕ್ಕೆ ಪಂದ್ಯದ ಸೈಕಲ್ಲಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲು. ಆದರೆ ಟೈರುಗಳು ಮಾತ್ರ ನಾಲ್ಕರಿಂದ ಐದು ಸೆಂಟಿಮೀಟರು ಅಗಲ. ಅವುಗಳಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬುವುದಿಲ್ಲ. ತುಸು ಸಡಿಲವಾಗಿದ್ದರೆ ಟೈರು ಕಲ್ಲಿನ ಮೇಲೆ ಪುಟಿಯದೆ ಅದರ ಆಕಾರಕ್ಕೆ ಒಗ್ಗಿಕೊಂಡು ಹಿಡಿತ ಸಾಧಿಸುತ್ತದೆ. ಕಡಿದಾದ ಏರಿಗೆ ಹಗುರವಾದ ಗಿಯರುಗಳು, ದೀರ್ಘವಾದ ಇಳಿತಕ್ಕೆ ಡಿಸ್ಕ್ ಬ್ರೇಕುಗಳು ಇದಕ್ಕುಂಟು. ಅಮೆರಿಕದ ಕಾನ್ಸಾಸ್ ಪ್ರಾಂತದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಕೆಲವೇ ಮಂದಿ ಸೇರಿ ಇನ್ನೂರು ಮೈಲಿಗಳ ಜಲ್ಲಿಹಾದಿಯ ಪಂದ್ಯವೊಂದನ್ನು ಆರಂಭಿಸಿದರು. 2022ರಲ್ಲಿ ಇಟಲಿಯ ವೆನೆಟೋ ಪ್ರಾಂತದಲ್ಲಿ ಇದರ ಮೊದಲನೆಯ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹದಿನಾರು ವರ್ಷಗಳಲ್ಲಿ ಹಳ್ಳಿಗಾಡಿನ ವಿನೋದವೊಂದು ಜಗತ್ತಿನ ಕ್ರೀಡೆಯಾಯಿತು!

ಯಾವ ಬಾಗಿಲು?

ಸ್ಪಿತಿಗೆ ಎರಡು ಬಾಗಿಲುಗಳು. ಮನಾಲಿಯಿಂದ ಕುಂಜಂ ಘಟ್ಟವನ್ನು ದಾಟಿ ಹೋಗುವುದು ಒಂದು. ಸುಮಾರು 200 ಕಿಲೋಮೀಟರುಗಳ ಹತ್ತಿರದ ದಾರಿ. ಶಿಮ್ಲಾದಿಂದ ಸಟ್ಲೆಜ್ ನದಿಯನ್ನು ಹಿಡಿದು ಕಿನ್ನೌರಿನ ಮೂಲಕ ಹೋಗುವುದು ಇನ್ನೊಂದು. ಇದು ಅದರ ಎರಡರಷ್ಟು ದೂರ. ಆತುರಗಾರನು ಮೊದಲನೆಯದನ್ನು ಆರಿಸಿಕೊಳ್ಳುತ್ತಾನೆ, ಬಲ್ಲವನು ಎರಡನೆಯದನ್ನು. ಕಾರಣ, ಗಾಳಿ. ಹದಿನೈದು ಸಾವಿರ ಅಡಿಯ ಮೇಲೆ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಶರೀರವು ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಹತ್ತು ಸಾವಿರ ಅಡಿ ದಾಟಿದ ಮೇಲೆ, ಮಲಗುವ ಜಾಗವು ಒಂದು ರಾತ್ರಿಯಿಂದ ಮರುರಾತ್ರಿಗೆ ಸಾವಿರದ ಆರುನೂರು ಅಡಿಗಿಂತ ಹೆಚ್ಚು ಮೇಲೇರಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಾಂತಿ ಇರಬೇಕು ಎಂಬುದು ವೈದ್ಯರ ನಿಯಮ. ತಲೆನೋವು, ಓಕರಿಕೆ, ನಿದ್ರೆ ಬಾರದಿರುವುದು ಮೊದಲ ಎಚ್ಚರಿಕೆಗಳು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಅಥವಾ ಮಾತು ತಡವರಿಸಿ ಬುದ್ಧಿ ಮಂಕಾದರೆ, ಕೆಳಗಿಳಿಯುವುದೊಂದೇ ಉಪಾಯ. ಅಲ್ಲಿ ಹುರುಪು ತೋರಿಸಿದವರು ಪ್ರಾಣವನ್ನೇ ಕಳೆದುಕೊಂಡದ್ದುಂಟು. ಶಿಮ್ಲಾದ ದಾರಿ ನಿಧಾನವಾಗಿ ಏರುವುದರಿಂದ ಅದೇ ಒಳ್ಳೆಯ ಗುರು.

ಶಿಮ್ಲಾದಿಂದ ಟಿಬೆಟ್ಟಿನತ್ತ ಹೋಗುವ ಹಾದಿಯನ್ನು ಕಡಿಯಲು ಮೊದಲು ಮಾಡಿದ್ದು 1850ರಲ್ಲಿ, ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ. ಇಂದಿನ ಹೆದ್ದಾರಿಯೂ ಕೆಲವು ಕಡೆ ಬಂಡೆಯ ಹೊಟ್ಟೆಯನ್ನು ಕೊರೆದೇ ಸಾಗುತ್ತದೆ. ತಲೆಯ ಮೇಲೆ ಕಲ್ಲಿನ ಚಾವಣಿ, ಕಾಲ ಕೆಳಗೆ ನದಿಯ ಮೊರೆತ. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜನ್ನು ಸೇರುತ್ತದೆ. ಅಲ್ಲಿಂದ ಮುಂದಕ್ಕೆ ದಾರಿ ನಾಕೋ ಗ್ರಾಮಕ್ಕೆ ಸುತ್ತಿ ಸುತ್ತಿ ಏರಿ, ತಾಬೋಗೆ ಇಳಿಯುತ್ತದೆ. ತಾಬೋದ ಬೌದ್ಧ ವಿಹಾರ ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ಬರಿಯ ಮಣ್ಣಿನ ಗೋಡೆ. ಒಳಗೆ ಹೋದರೆ ಸಾವಿರ ವರ್ಷಗಳ ಹಿಂದಿನ ಚಿತ್ರಗಳು ಮಬ್ಬು ಬೆಳಕಿನಲ್ಲಿ ಒಂದೊಂದಾಗಿ ಕಣ್ತೆರೆಯುತ್ತವೆ. 1975ರ ಜನವರಿಯಲ್ಲಿ ಕಿನ್ನೌರಿನ ಭೂಕಂಪ ಈ ವಿಹಾರವನ್ನು ಅಲುಗಾಡಿಸಿತು. ಆದರೂ ಅದು ನಿಂತಿದೆ.

ಸಾಲಿಗ್ರಾಮದ ಬೆಟ್ಟ

ಸುಮಾರು 12,000 ಅಡಿ ಎತ್ತರದ ಕಾಜಾ ಈ ಕಣಿವೆಯ ಮುಖ್ಯ ಪಟ್ಟಣ. ಇಲ್ಲಿ ಎರಡು ಮೂರು ದಿನ ತಂಗಿ, ಮೇಲಿನ ಹಳ್ಳಿಗಳಿಗೆ ಹೋಗಿ ಬರುವುದು ಸವಾರರ ವಾಡಿಕೆ. ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಎಂಬ ಮೂರು ಹಳ್ಳಿಗಳ ಸುತ್ತು ಇವುಗಳಲ್ಲಿ ಪ್ರಸಿದ್ಧ. ಏರಿಗೆ ಕೊನೆಯೇ ಇಲ್ಲವೇನೋ ಎನಿಸುತ್ತದೆ. ಹತ್ತು ಮಾರು ತುಳಿದು ನಿಂತು ಉಸಿರು ಹಿಡಿಯುವುದು, ಮತ್ತೆ ಹತ್ತು ಮಾರು ತುಳಿಯುವುದು. ಹಿಕ್ಕಿಂನಲ್ಲಿ 1983ರಿಂದ ಒಂದು ಅಂಚೆ ಕಚೇರಿಯುಂಟು. ಸುಮಾರು 14,500 ಅಡಿಯಿಂದ ಮನೆಗೆ ಕಾರ್ಡು ಬರೆದು ಹಾಕುವ ಸುಖವನ್ನು ಬಿಡುವವರು ಕಡಮೆ.

ಲಾಂಗ್ಜಾದ ಇಳುಕಲುಗಳಲ್ಲಿ ದೊರೆಯುವ ಕಪ್ಪು ಕಲ್ಲುಗಳ ವಿಚಾರ ನಮ್ಮವರಿಗೆ ಇನ್ನೂ ಆಪ್ತವಾದದ್ದು. ಒಡೆದ ಕಲ್ಲಿನೊಳಗೆ ಸುರುಳಿಸುರುಳಿಯಾದ ಶಂಖದಂಥ ಗುರುತು. ಹಿಮಾಲಯವು ಹುಟ್ಟುವುದಕ್ಕೆ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಬಾಳಿದ ಅಮೋನೈಟ್ ಎಂಬ ಪ್ರಾಣಿಯ ಪಳೆಯುಳಿಕೆ ಅದು. ನೇಪಾಳದ ಗಂಡಕೀ ನದಿಯಿಂದ ಬಂದು ನಮ್ಮ ಮನೆಗಳ ದೇವರ ಸಂಪುಟದಲ್ಲಿ ಅಭಿಷೇಕಗೊಳ್ಳುವ ಸಾಲಿಗ್ರಾಮವೂ ಇದೇ ಕುಲದ್ದು. ಅಜ್ಜಿಯು ತುಳಸಿಯಿಟ್ಟು ಪೂಜಿಸಿದ ಕಲ್ಲಿನ ಬಂಧುಗಳು ಸೈಕಲ್ಲಿನ ಚಕ್ರದ ಬಳಿ ಬಿದ್ದಿರುವುದನ್ನು ಕಂಡಾಗ ಸಮುದ್ರವೇ ಪರ್ವತವಾದ ಕತೆ ಒಮ್ಮೆಗೇ ಅರ್ಥವಾಗುತ್ತದೆ. ಅವನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳದೆ ಅಲ್ಲಿಯೇ ಬಿಟ್ಟುಬರುವುದು ಸಜ್ಜನರ ಲಕ್ಷಣ.

ಕಾಜಾದಿಂದ ಇನ್ನೊಂದು ಹಾದಿ ಕೀ ವಿಹಾರದ ಮೇಲಿಂದ ಕಿಬ್ಬರ್‌ಗೆ ಹೋಗುತ್ತದೆ. ಕಿಬ್ಬರ್‌ಗೂ ಎದುರಿನ ಚಿಚಮ್ ಗ್ರಾಮಕ್ಕೂ ನಡುವೆ ಆಳವಾದ ಕಂದರ. ತಂತಿಗೆ ಕಟ್ಟಿದ ತೊಟ್ಟಿಲಲ್ಲಿ ಕುಳಿತು, ಹಗ್ಗ ಎಳೆದುಕೊಂಡು ಅದನ್ನು ದಾಟುತ್ತಿದ್ದ ಜನಕ್ಕೆ 2017ರಲ್ಲಿ ಸೇತುವೆ ದೊರೆಯಿತು. ಈಗ ಸವಾರನು ನಿಮಿಷದಲ್ಲಿ ಅದನ್ನು ದಾಟಿ, ಹಿಂದಿನವರ ಧೈರ್ಯಕ್ಕೆ ತಲೆದೂಗಿ, ಲೋಸರ್ ಕಡೆಗೆ ತಿರುಗುತ್ತಾನೆ.

ಘಟ್ಟದ ಆಚೆಗೆ

ಲೋಸರ್ ಸ್ಪಿತಿಯ ಕೊನೆಯ ಹಳ್ಳಿ. ಮುಂದೆ ಸುಮಾರು 15,000 ಅಡಿಯ ಕುಂಜಂ ಘಟ್ಟ. ನೆತ್ತಿಯಲ್ಲಿ ಗಾಳಿಗೆ ಪಟಪಟನೆ ಬಡಿಯುವ ಬಣ್ಣದ ಪ್ರಾರ್ಥನಾ ಪತಾಕೆಗಳು, ಕುಂಜಂ ದೇವಿಯ ಪುಟ್ಟ ಗುಡಿ. ಲಾರಿಯ ಚಾಲಕರು ಸಹ ಗುಡಿಗೆ ಒಂದು ಪ್ರದಕ್ಷಿಣೆ ಹಾಕಿಯೇ ಮುಂದುವರಿಯುತ್ತಾರೆ. ಕಲ್ಲಿಗೆ ಒತ್ತಿದ ನಾಣ್ಯ ಅಂಟಿಕೊಂಡರೆ ಮನಸ್ಸು ಶುದ್ಧವೆಂದು ಅಲ್ಲಿನವರ ನಂಬಿಕೆ. ಇತ್ತಣ ನೀರು ಸಟ್ಲೆಜಿಗೆ ಹೋದರೆ ಅತ್ತಣ ನೀರು ಚಂದ್ರಾ ನದಿಯಾಗಿ ಚಿನಾಬಿಗೆ ಸೇರುತ್ತದೆ. ಅಗಲಿದ ಈ ಎರಡು ಧಾರೆಗಳೂ ಬಹುದೂರದ ಬಯಲಿನಲ್ಲಿ ಮತ್ತೆ ಕೂಡಿ ಸಿಂಧುವನ್ನು ಸೇರುತ್ತವೆ.

ಘಟ್ಟದಿಂದ ಬಾತಲ್‌ಗೆ ಇಳಿದು ಗ್ರಾಂಫುವಿನವರೆಗೆ ಸಾಗುವ ಅರುವತ್ತು ಕಿಲೋಮೀಟರುಗಳೇ ಈ ಯಾತ್ರೆಯ ನಿಜವಾದ ಪರೀಕ್ಷೆ. ಇದು ಜಲ್ಲಿಯಲ್ಲ, ಹಿಮನದಿಗಳು ತಂದು ಸುರಿದ ಗುಂಡುಕಲ್ಲುಗಳ ರಾಶಿ. ಅಲ್ಲಲ್ಲಿ ತೊರೆಗಳು ಹಾದಿಯನ್ನು ಅಡ್ಡಗಟ್ಟಿ ಹರಿಯುತ್ತವೆ. ಬೆಳಗ್ಗೆ ಮೊಣಕಾಲಿಗೂ ಬಾರದ ತೊರೆ, ಬಿಸಿಲೇರಿ ಹಿಮ ಕರಗಿದ ಮೇಲೆ, ಮಧ್ಯಾಹ್ನ ಕಲ್ಲುಗಳನ್ನೇ ಉರುಳಿಸುವಷ್ಟು ಮುನಿಯುತ್ತದೆ. ಹೊತ್ತು ಮೀರಿ ಬಂದ ಸವಾರನು ಇಲ್ಲಿ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಆಚೆಯ ದಡ ಇಪ್ಪತ್ತೇ ಹೆಜ್ಜೆ. ರಾತ್ರಿಯ ತಂಗುದಾಣ ಅಲ್ಲಿಂದ ಮುಂದೆ. ಸೈಕಲ್ಲನ್ನು ಹೆಗಲಿಗೇರಿಸಿ ಇಳಿದುಬಿಡುವ ಆಸೆಯೇನೋ ಬಲವಾದದ್ದೇ. ಆದರೆ ಆ ಕೊರೆಯುವ ನೀರಿನಲ್ಲಿ ಕಾಲು ಮರಗಟ್ಟಲು ಹೆಚ್ಚು ಹೊತ್ತು ಬೇಕಾಗಿಲ್ಲ. ಮರಗಟ್ಟಿದ ಕಾಲಿಗೆ ಕಲ್ಲಿನ ಅಂದಾಜು ಸಿಕ್ಕುವುದಿಲ್ಲ. ತಿಳಿದವನು ಹಿಂದಿರುಗಿ, ಸಿಕ್ಕಿದ ಕಡೆ ತಂಗಿ, ಮುಂಜಾನೆ ಮತ್ತೆ ಬರುತ್ತಾನೆ. ರಾತ್ರಿಯ ಚಳಿಗೆ ಹಿಮ ಕರಗುವುದು ನಿಂತು, ತೊರೆ ತಾನಾಗಿ ದಾರಿ ಬಿಟ್ಟಿರುತ್ತದೆ.

ಯಾರ ರಸ್ತೆ?

ಈಚಿನ ವರ್ಷಗಳಲ್ಲಿ ಈ ರಸ್ತೆಯನ್ನು ಅಗಲಿಸಿ ಡಾಮರು ಹಾಕುವ ಕೆಲಸ ನಡೆದುಬಂದಿದೆ. ಜಾರ್ಖಂಡದ ದುಮ್ಕಾ ಕಡೆಯಿಂದ ಬಂದ ಕೂಲಿಕಾರರು, ಉಸಿರಾಡುವುದೇ ಪ್ರಯಾಸವಾದ ಎತ್ತರದಲ್ಲಿ, ಕೈಯಿಂದಲೇ ಕಲ್ಲೊಡೆಯುವುದನ್ನು ಹಿಮಾಲಯದ ಇಂಥ ದಾರಿಗಳಲ್ಲಿ ಕಾಣಬಹುದು. ಸವಾರರಲ್ಲಿ ಕೆಲವರಿಗೆ ಡಾಮರೆಂದರೆ ವ್ಯಥೆ. ಜಲ್ಲಿ ಹೋದರೆ ಹಾದಿಯ ಸೊಗಸೇ ಹೋಯಿತೆಂದು ಅವರ ಕೊರಗು. ಆ ಕೊರಗಿನಲ್ಲಿ ಸುಳ್ಳಿಲ್ಲ. ಆದರೆ ಲಾಹೌಲ್-ಸ್ಪಿತಿ 1960ರಿಂದ ಒಂದೇ ಜಿಲ್ಲೆ. ಅದರ ಕೇಂದ್ರವಾದ ಕೇಲಾಂಗ್ ಇರುವುದು ಕುಂಜಂನ ಆಚೆಗೆ. ಚಳಿಗಾಲದಲ್ಲಿ ಘಟ್ಟವು ಹಿಮದಿಂದ ಮುಚ್ಚಿಹೋದ ತಿಂಗಳುಗಳಲ್ಲಿ, ಕಾಜಾದವನು ತನ್ನ ಜಿಲ್ಲೆಯ ಕಚೇರಿಗೆ ಹೋಗಬೇಕಾದರೆ ಕಿನ್ನೌರು, ಶಿಮ್ಲಾ, ಮನಾಲಿಗಳನ್ನೆಲ್ಲ ಬಳಸಿ, 2020ರಲ್ಲಿ ತೆರೆದ ಅಟಲ್ ಸುರಂಗವನ್ನು ಹಾದು ಹೋಗಬೇಕು. ಬೇಸಗೆಯ ಕೊನೆಗೆ ಬಿಡಿಸಿದ ಹಸಿ ಬಟಾಣಿಯೇ ಇಲ್ಲಿನ ರೈತನ ವರ್ಷದ ದುಡ್ಡು. ಅದು ಬಾಡುವ ಮೊದಲು ಬಯಲಿನ ಪೇಟೆಯನ್ನು ಮುಟ್ಟಬೇಕು. ಬಸುರಿಯನ್ನಾಗಲಿ ರೋಗಿಯನ್ನಾಗಲಿ ಕರೆದೊಯ್ಯುವವನಿಗೆ ಗುಂಡುಕಲ್ಲಿನ ಕುಲುಕಾಟ ವಿನೋದವಲ್ಲ.

ಮೇಲಿನ ಹಳ್ಳಿಗಳ ಕವಲುದಾರಿಗಳಲ್ಲಿ ಜಲ್ಲಿ ಇನ್ನೂ ಉಳಿದಿದೆ. ಸವಾರನಿಗೆ ಅಷ್ಟು ಸಾಕು. ಸುಗ್ಗಿಯ ದಿನಗಳಲ್ಲಿ ಲೋಸರಿನ ಏರಿನಲ್ಲಿ ಹಿಂದಿನಿಂದ ಹಾರನ್ ಕೇಳಿದಾಗ ಅವನು ಸೈಕಲ್ಲಿನಿಂದಿಳಿದು ಬೆಟ್ಟದ ಮಗ್ಗುಲಿಗೆ ಒತ್ತಿ ನಿಲ್ಲುತ್ತಾನೆ. ಬಟಾಣಿ ಮೂಟೆಗಳನ್ನು ಹೇರಿದ ಲಾರಿ ಧೂಳೆಬ್ಬಿಸುತ್ತ ಅವನನ್ನು ದಾಟುತ್ತದೆ; ಚಾಲಕನು ಕೈಬೀಸುತ್ತಾನೆ. ಧೂಳು ಅಡಗುವವರೆಗೆ ಕಾದು, ಸವಾರನು ಮತ್ತೆ ಪೆಡಲಿನ ಮೇಲೆ ಕಾಲಿಡುತ್ತಾನೆ.