ಪಗಡೆಯೋ, ಪಣವೋ?

ಬ್ಯಾಂಕಿನ ವರ್ಗಾವಣೆಯಲ್ಲಿ ಚೆನ್ನೈಗೆ ಬಂದು ಇಲ್ಲೇ ನೆಲೆ ನಿಂತವನು ನಾನು. ನಮ್ಮಂಥ ನಿವೃತ್ತರು ಸೇರಿದ ಕಡೆ ಮಾತು ಸಕ್ಕರೆ ಕಾಯಿಲೆಯಿಂದ ಶುರುವಾಗಿ ಮೊಮ್ಮಕ್ಕಳ ಮೊಬೈಲಿಗೆ ಬಂದು ನಿಲ್ಲುತ್ತದೆ. ಹೊಡಿ, ಬಡಿ, ಗುಂಡು ಹಾರಿಸು ಅಂತ ಆಡುತ್ತಾ ಬೆಳೆದ ಹುಡುಗರು ನಾಳೆ ಏನಾಗುತ್ತಾರೋ ಅನ್ನುವ ಚಿಂತೆ. ಊರಿಗೆ ಹೋದರೆ ಹಾಸನದಲ್ಲೂ ಅದೇ ಪ್ರಶ್ನೆ, ಭಾಷೆ ಮಾತ್ರ ಬೇರೆ.

ಈ ಭಯಕ್ಕೆ 2019ರ ಮಾರ್ಚಿನಲ್ಲಿ ಗುಜರಾತಿನ ರಾಜಕೋಟ್ ಪೊಲೀಸರು ಪಬ್‌ಜಿ ಆಡುತ್ತಿದ್ದ ಹುಡುಗರನ್ನು ಬಂಧಿಸಿಯೇಬಿಟ್ಟರು. ಅದೇ ವರ್ಷ ಆಕ್ಸ್‌ಫರ್ಡಿನ ಸಂಶೋಧಕರು 14-15 ವರ್ಷದ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿ, ಹಿಂಸೆಯ ಆಟಕ್ಕೂ ಮಕ್ಕಳ ಸಿಡುಕು ಜಗಳಕ್ಕೂ ನಂಟು ಕಾಣಲಿಲ್ಲ ಎಂದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿದಾಗಲೂ ಕೊಟ್ಟ ಕಾರಣ ಹಿಂಸೆಯಲ್ಲ, ದೇಶದ ಭದ್ರತೆ.

ನಮ್ಮ ಮನೆಯ ವಿಷಯಕ್ಕೆ ಬಂದರೆ, ಮೊಮ್ಮಗ ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆದರೆ ಭಾನುವಾರ ಹಾಸನದಲ್ಲಿರುವ ನನ್ನ ತಮ್ಮನ ಮೊಮ್ಮಗನ ಜೊತೆ ಹೆಡ್‌ಫೋನ್ ಹಾಕಿಕೊಂಡು ಆಟಕ್ಕೆ ಕೂತರೆ, "ಲೋ, ಹಿಂದೆ ನೋಡ್ಕೊಳ್ಳೋ, ಬಂದ ಕಣೋ!" ಅಂತ ಅಪ್ಪಟ ಹಾಸನದ ಕನ್ನಡ! ನಾನು ವರ್ಣಮಾಲೆ ಬರೆಸಿ ಕೊಡಲಾಗದ್ದನ್ನು ಆ ಗುಂಡಿನ ಆಟ ಕೊಟ್ಟಿದೆ. ನಿಲ್ಲಿಸು ಅಂದರೆ ಐದು ನಿಮಿಷ ಗೊಣಗಿ ನಿಲ್ಲಿಸುತ್ತಾನೆ.

ನನ್ನ ನಿದ್ದೆ ಕೆಡಿಸಿದ್ದು ಒಂದು ತೊಟ್ಟು ರಕ್ತವೂ ಇಲ್ಲದ ಇನ್ನೊಂದು ಆಟ. 2024ರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ, ಒಳ್ಳೆ ಕೆಲಸದಲ್ಲಿದ್ದವನು, ತಾಯಿಯ ಬಳೆ ಅಡವಿಟ್ಟದ್ದು ಸಾಲದೆ ಇನ್ನೂ ಸಾಲ ಸಿಗುತ್ತದಾ ಅಂತ ಕೇಳಲು ಬಂದ. ಸ್ಟೇಟ್‌ಮೆಂಟ್ ನೋಡಿದೆ. ರಾತ್ರಿ ಒಂದು ಗಂಟೆಯ ಮೇಲೆ ಇನ್ನೂರು, ಐನೂರು, ಎರಡು ಸಾವಿರ, ಸಾಲು ಸಾಲು ಡೆಬಿಟ್. ಆನ್‌ಲೈನ್ ರಮ್ಮಿ. "ಅಂಕಲ್, ಇದು ಜೂಜಲ್ಲ, ಸ್ಕಿಲ್ ಗೇಮ್. ಕೋರ್ಟೇ ಹೇಳಿದೆ" ಅಂದ.

ಕೋರ್ಟು ಹೇಳಿದ್ದು ನಿಜ. ಕಾವೇರಿಯಲ್ಲಿ ಒಂದಾಗದ ಎರಡು ರಾಜ್ಯಗಳ ಅನುಭವ ಇದರಲ್ಲಿ ಒಂದೇ. ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟು 2022ರಲ್ಲಿ ರದ್ದು ಮಾಡಿತು. ತಮಿಳುನಾಡಿನ ಕಾನೂನನ್ನು ಮದ್ರಾಸ್ ಹೈಕೋರ್ಟು 2023ರಲ್ಲಿ ಉಳಿಸಿದರೂ ರಮ್ಮಿ, ಪೋಕರನ್ನು ಕೌಶಲದ ಆಟವೆಂದು ನಿಷೇಧದಿಂದ ಹೊರಗಿಟ್ಟಿತು. ಕೌಶಲವೋ ಅದೃಷ್ಟವೋ, ಲೆಡ್ಜರಿನಲ್ಲಿ ಅದಕ್ಕೆ ಬೇರೆ ಕಾಲಂ ಇಲ್ಲ ನೋಡಿ. ಹೋದ ದುಡ್ಡು ಹೋಯಿತು.

ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಪಾಸು ಮಾಡಿತು. ಅದರಲ್ಲಿ ಕೌಶಲ, ಅದೃಷ್ಟ ಎಂಬ ಭೇದವಿಲ್ಲ. ಅಂಥ ಆಟಕ್ಕೆ ಬ್ಯಾಂಕುಗಳು ಹಣ ದಾಟಿಸಕೂಡದು ಅಂತಲೂ ಇದೆ. ಹಳೇ ಬ್ಯಾಂಕಿನವನಿಗೆ ಇದು ಸಮಾಧಾನ.

ಧರ್ಮರಾಯ ಕೆಟ್ಟದ್ದು ಪಗಡೆಯಿಂದಲ್ಲ, ಪಣದಿಂದ. ಸೋತ ಮೇಲೂ ಏಳಲಾಗದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟಕ್ಕೆ ಹೇಳುವ ಲಕ್ಷಣಗಳೂ ಹೆಚ್ಚುಕಡಿಮೆ ಇವೇ: ಹಿಡಿತ ತಪ್ಪುವುದು, ಉಳಿದದ್ದೆಲ್ಲ ಹಿಂದಾಗುವುದು, ಹಾನಿಯಾದರೂ ಬಿಡಲಾಗದಿರುವುದು.

ಕಾನೂನು ಬಂತು ಅಂತ ನಿಶ್ಚಿಂತೆಯಿಂದ ಕೂರುವಂತಿಲ್ಲ. ಪುಕ್ಕಟೆ ಆಟದಲ್ಲೂ ಬಟ್ಟೆ, ಬಂದೂಕು, ಪೆಟ್ಟಿಗೆ ಅಂತ ಮಾರುತ್ತಾರೆ. ಮಕ್ಕಳು ಪರದೆಯಲ್ಲಿ ಯಾರನ್ನು ಹೊಡೆದರು ಅನ್ನುವುದಕ್ಕಿಂತ, ಕರೆದರೆ ಊಟಕ್ಕೆ ಎದ್ದು ಬರುತ್ತಾರಾ, ಖಾತೆಯಿಂದ ಏನು ಹೋಯಿತು ಅಂತ ನೋಡಿ. ಏಳಲಾಗದಷ್ಟು ಅಂಟಿಕೊಂಡಿದ್ದರೆ, ಊರಲ್ಲಿರುವ ನಿಮಗೆ ನಿಮ್ಹಾನ್ಸ್ ಹತ್ತಿರವೇ ಇದೆ. ಈ ಚಟಕ್ಕೆಂದೇ ಅಲ್ಲಿ 2014ರಲ್ಲಿ ಕ್ಲಿನಿಕ್ ತೆರೆದರು. ಬೈದು ಮೊಬೈಲ್ ಕಿತ್ತುಕೊಳ್ಳುವ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.