ಮೊಮ್ಮಗನ ಮೀನಿನ ತೊಟ್ಟಿಯಲ್ಲಿ ಒಂದು ಧರ್ಮಸೂಕ್ಷ್ಮ



ನಾವು ಎಮ್ಮಿಗನೂರಿನ ವ್ಯಾಪಾರಸ್ಥರು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ನಮ್ಮೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಇನ್ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಆದ್ದರಿಂದ ಕಡಲ ಜೀವಿಗಳ ವಿಷಯವಾಗಿ ನಾವು ಬರೆಯುವುದನ್ನು ಕಂಡು ನಮ್ಮ ಬಜಾರಿನ ಮಿತ್ರರು ನಕ್ಕಾರು. ನಗಲಿ. ವಿಷಯ ಕಡಲಿನದಾದರೂ ಪ್ರಶ್ನೆ ನಮ್ಮ ಮನೆಗಳದ್ದೇ.

ನಮ್ಮ ಮಗಳು ಅಳಿಯಂದಿರು ಅಮೆರಿಕೆಯ ನ್ಯೂಜೆರ್ಸಿಯಲ್ಲಿದ್ದಾರೆ. ೨೦೨೩ರ ಬೇಸಿಗೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದೆವು. ಅವರ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಲೀಟರಿಗೆ ಸುಮಾರು ಮೂವತ್ತೈದು ಗ್ರಾಂ ಉಪ್ಪಿನ ಲೆಕ್ಕದಲ್ಲಿ ತೂಗಿ ಬೆರೆಸುತ್ತಾರೆ. ಬಿಸಿ ಇಪ್ಪತ್ತೈದು-ಇಪ್ಪತ್ತಾರು ಡಿಗ್ರಿ ಮೀರಬಾರದು. ನೀಲಿ ದೀಪ, ನೀರನ್ನು ಅಲೆಯಂತೆ ತಳ್ಳುವ ಸಣ್ಣ ಪಂಪು, ಕಲ್ಲುಗಳು, ಆ ಕಲ್ಲುಗಳ ಮೇಲೆ ಜೀವಂತ ಹವಳ. ನಾವು ಹವಳವೆಂದರೆ ಉಂಗುರಕ್ಕೆ ಕೂಡಿಸುವ ಕೆಂಪು ಹರಳೆಂದೇ ತಿಳಿದವರು. ಅದು ಬಾಯ್ತೆರೆದು ಮುಚ್ಚುವುದನ್ನು ನೋಡಿ ಬೆರಗಾದೆವು. ನಮ್ಮ ದೇಶದಲ್ಲಿ ಹೀಗೆ ಇಟ್ಟುಕೊಳ್ಳುವಂತಿಲ್ಲ. ಬಂಡೆ ಕಟ್ಟುವ ಹವಳವನ್ನು ಸರಕಾರ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಿದೆ. ಹುಲಿಗೆ ಇರುವ ರಕ್ಷಣೆಯೇ ಲಕ್ಷದ್ವೀಪದ ಹವಳಕ್ಕೂ ಇದೆ. ಇದು ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ.

ತೊಟ್ಟಿ ಮೊಮ್ಮಗನದು. ಹನ್ನೆರಡು ವರ್ಷದ ಹುಡುಗ. ಕೈಖರ್ಚಿಗೆ ಕೊಟ್ಟದ್ದನ್ನು ಕೂಡಿಟ್ಟು ಒಂದು ಹಸಿರು ಹವಳದ ತುಂಡನ್ನು ಕೊಂಡಿದ್ದ. ಅದರ ಒಂದು ಮಗ್ಗುಲು ಬಿಳಚಿಕೊಂಡು ಸಾಯುತ್ತಿತ್ತು. ಕಾರಣ ಪಕ್ಕದ ಕಲ್ಲಿನ ಸಂದಿಯಲ್ಲಿ ಬೆಳೆದ ಒಂದು ಕಂದು ಹೂವು. ಹೂವೆನ್ನುವುದು ನೋಟಕ್ಕೆ ಮಾತ್ರ, ಅದು ಪ್ರಾಣಿ. ಅನೆಮೋನ್ ಎಂಬ ಜಾತಿ, ಅದರಲ್ಲಿ ಐಪ್ಟೇಸಿಯಾ ಎಂಬ ಕುಲ. ಅಂಗುಲದಷ್ಟು ಎತ್ತರ, ಗಾಜಿನಂತಹ ಮೈ, ಸುತ್ತ ತೆಳ್ಳನೆಯ ಎಳೆಗಳು. ಆ ಎಳೆಗಳಲ್ಲಿ ವಿಷದ ಮುಳ್ಳು. ನೆರೆಹೊರೆಯ ಹವಳವನ್ನು ಚುಚ್ಚಿ ಚುಚ್ಚಿ ಹಿಂದೆ ಸರಿಸಿ ಜಾಗ ಹಿಡಿಯುತ್ತದೆ. ಯಾರೂ ತಂದು ಬಿಟ್ಟದ್ದಲ್ಲ, ಕಲ್ಲಿನ ಜೊತೆ ಕಾಳಿನಷ್ಟಾಗಿ ಒಳಗೆ ಬಂದದ್ದು. ನಾವು ಹೋದಾಗ ಎಣಿಸಿದರೆ ಮೂವತ್ತೊಂದು ಇದ್ದವು.

ಇದರ ಸ್ವಭಾವ ಕೇಳಿದರೆ ಆಶ್ಚರ್ಯವಾಗುತ್ತದೆ. ಮುಟ್ಟಹೋದರೆ ಸರಕ್ಕನೆ ಸಂದಿಯೊಳಕ್ಕೆ ಎಳೆದುಕೊಳ್ಳುತ್ತದೆ. ಕಿತ್ತರೆ ಪಾದದ ಚೂರು ಕಲ್ಲಿಗೆ ಅಂಟಿ ಉಳಿಯುತ್ತದೆ, ಆ ಒಂದೊಂದು ಚೂರೂ ಮತ್ತೊಂದು ಪ್ರಾಣಿಯಾಗಿ ಏಳುತ್ತದೆ. ಹತ್ತನ್ನು ಕಿತ್ತವನಿಗೆ ತಿಂಗಳೊಳಗೆ ನಲವತ್ತು ಸಿಕ್ಕುತ್ತವೆ. ಆದ್ದರಿಂದ ಈ ಹವ್ಯಾಸದವರು ಕೀಳುವುದಿಲ್ಲ. ಸೂಜಿಯಿಂದ ನಿಂಬೆರಸ ಚುಚ್ಚುತ್ತಾರೆ, ಕುದಿನೀರು ಚುಚ್ಚುತ್ತಾರೆ, ಇಲ್ಲವೇ ಸುಣ್ಣವನ್ನು ಗಟ್ಟಿಯಾಗಿ ಕಲಸಿ ಬಾಯಿಗೆ ಮೆತ್ತುತ್ತಾರೆ. ಅಂಗಡಿಯಲ್ಲಿ ಸಿದ್ಧ ಔಷಧಿಯೂ ಉಂಟು. ಇದಾವುದೂ ಬೇಡವೆಂದರೆ ಇದನ್ನು ತಿನ್ನುವ ಕೆಂಪುಗೆರೆಯ ಸಣ್ಣ ಸೀಗಡಿ ಇದೆ; ಇದೊಂದನ್ನೇ ತಿಂದು ಬದುಕುವ ಬರ್ಗಿಯಾ ಎಂಬ ಅಂಗುಲದುದ್ದದ ಚಿಪ್ಪಿಲ್ಲದ ಬಸವನಹುಳು ಇದೆ. ಆ ಹುಳು ರಾತ್ರಿ ಹೊರಬಂದು ತಿನ್ನುತ್ತದೆ, ತಿಂದ ಪ್ರಾಣಿಯ ವಿಷದ ಮುಳ್ಳುಗಳನ್ನೇ ತನ್ನ ಬೆನ್ನಿನ ಕುಚ್ಚುಗಳಲ್ಲಿ ಕೂಡಿಟ್ಟುಕೊಂಡು ತನ್ನ ರಕ್ಷಣೆಗೆ ಬಳಸುತ್ತದೆ. ತಿನ್ನಲು ಏನೂ ಉಳಿಯದಾಗ ತಾನೂ ಹಸಿದು ಸಾಯುತ್ತದೆ.

ಒಂದು ಭಾನುವಾರ ಹುಡುಗ ಸೂಜಿ, ನಿಂಬೆರಸ ಸಿದ್ಧಮಾಡಿಕೊಂಡು ಕೂತಿದ್ದ. ನಮ್ಮ ಮನೆಯವರು ನೋಡಿ, "ಬೇಡಪ್ಪ, ಈ ಮನೆಯಲ್ಲಿ ಅದು ಆಗಬಾರದು" ಎಂದರು. ಅವರು ಸೂರ್ಯಾಸ್ತವಾದ ಮೇಲೆ ನೀರೂ ಮುಟ್ಟದವರು. ಹುಡುಗ ಅತ್ತ. "ಅಜ್ಜೀ, ಅದು ನನ್ನ ಹವಳ ಕೊಲ್ತಾ ಇದೆ. ಹವಳಕ್ಕೆ ಜೀವ ಇಲ್ವಾ?" ಅಂದ. ಮಗಳು ತಾಯಿಯ ಕಡೆ, ಅಳಿಯಂದಿರು ಹುಡುಗನ ಕಡೆ. ಆ ಹೊತ್ತು ಊಟದ ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಹುಡುಗ ನಮ್ಮ ಬಳಿ ಬಂದು, "ತಾತಾ, ನೀವು ಹೇಳಿ" ಎಂದು ಕುಳಿತ.

ನಮಗೆ ತೋಚಿದ್ದು ನಮ್ಮ ಸೀಮೆಯ ಪಾಪಾಸುಕಳ್ಳಿ. ಅದೂ ಹೀಗೆಯೇ. ಕಡಿದು ಎಸೆದರೆ ಬಿದ್ದ ಎಲೆ ಬಿದ್ದಲ್ಲೇ ಬೇರೂರುತ್ತದೆ. ಆದವಾನಿ ತಾಲ್ಲೂಕು ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅಂದರೆ ೧೯೫೩ಕ್ಕೆ ಮುಂಚೆ, ಈ ಕಳ್ಳಿ ಹೊಲ, ಹಾದಿ, ಊರ ಸುತ್ತಲಿನ ಪಾಳುಗಳನ್ನೆಲ್ಲ ತುಂಬಿತ್ತೆಂದು ನಮ್ಮ ತಂದೆಯವರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದರು. ಇದರ ಕಥೆಯಲ್ಲಿ ವ್ಯಾಪಾರವೂ ಇದೆ. ೧೭೯೫ರಲ್ಲಿ ಕಂಪನಿಯವರು ಕೆಂಪು ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಕೊಚಿನೀಲ್ ಹುಳು ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣ ಸರಿಬರಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಕಳ್ಳಿಯನ್ನು ತಿಂದು ತೀರಿಸಿತು. ಉಳಿದ ಇನ್ನೊಂದು ಜಾತಿಯ ಕಳ್ಳಿಗೆ ೧೯೨೬ರಲ್ಲಿ ಸಿಂಹಳದಿಂದ ಮತ್ತೊಂದು ಹುಳು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಹೊಲಗಳು ಬಿಡುವಾದವು. ಕಳ್ಳಿ ಹೋದಲ್ಲಿ ಹುಳುವೂ ಹೋಯಿತು. ರೈತರಿಗೆ ಉಪಕಾರವಾದದ್ದು ನಿಜ. ಆದರೆ ಕಳ್ಳಿ ಏಕೇಂದ್ರಿಯ, ವನಸ್ಪತಿ. ಇಲ್ಲಿರುವುದು ಹಾಗಲ್ಲ.

ಈ ಪ್ರಾಣಿಗೆ ಎಷ್ಟು ಇಂದ್ರಿಯ? ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಮಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು ಎಂದು ಏರುತ್ತಾ ಹೋಗಿದೆ. ಐಪ್ಟೇಸಿಯಾ ಮುಟ್ಟಿದರೆ ಮುದುಡುತ್ತದೆ, ಬಾಯಿಂದ ತಿನ್ನುತ್ತದೆ. ಸ್ಪರ್ಶ, ರಸನೆ ಎರಡಾದರೂ ಇವೆ. ಶಂಖ, ಕವಡೆಗಳ ಸಾಲಿನಲ್ಲಿ ಕೂಡಿಸಬೇಕು ಎಂದು ನಮ್ಮ ಲೆಕ್ಕ. ಹವಳವನ್ನಾದರೋ ಹಿಂದಿನವರು ಪೃಥ್ವೀಕಾಯದಲ್ಲಿ, ರತ್ನಗಳ ಜೊತೆ ಎಣಿಸಿದ್ದಾರೆ. ಕಣ್ಣೆದುರು ಬಾಯ್ತೆರೆಯುವ ಹವಳವನ್ನು ನೋಡಿದ ಮೇಲೆ ಅದನ್ನೂ ಈ ಸಾಲಿಗೇ ತರಬೇಕೆನಿಸಿತು. ಮಹಾರಾಜರುಗಳು ತಿಳಿಸಿಕೊಟ್ಟರೆ ತಿದ್ದಿಕೊಳ್ಳುತ್ತೇವೆ. ಅಂತೂ ಹುಡುಗನ ಮಾತಿನಲ್ಲಿ ಹುರುಳಿತ್ತು: ಎರಡೂ ಜೀವವೇ.

ಸೀಗಡಿ ತಂದು ಬಿಟ್ಟರೆ ನಮ್ಮ ಕೈಗೆ ಅಂಟುವುದಿಲ್ಲವಲ್ಲ ಎಂದರು ಅಳಿಯಂದಿರು. ಇದನ್ನು ನಾವು ಒಪ್ಪಲಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಮೂರನ್ನೂ ಒಂದೇ ಖಾತೆಗೆ ಬರೆದಿದ್ದಾರೆ. ಗುಮಾಸ್ತ ಮಾಡಿದ ವ್ಯವಹಾರ ಸಾಹುಕಾರನದಲ್ಲ ಎಂದು ಯಾವ ಬಜಾರಿನಲ್ಲೂ ನಡೆಯುವುದಿಲ್ಲ. ಇನ್ನು ಆ ಬಸವನಹುಳುವನ್ನು ತಂದರೆ ಮೊದಲು ಇದರ ಸಾವು, ಆಮೇಲೆ ಹಸಿವಿನಿಂದ ಅದರ ಸಾವು. ಹೊಲದ ರೈತನದು ಉದ್ಯೋಗೀ ಹಿಂಸೆ, ಅದಕ್ಕೆ ಹೊಟ್ಟೆಪಾಡಿನ ಕಾರಣ ಇದೆ. ನಮ್ಮ ಹತ್ತಿ ಸೀಮೆಯಲ್ಲಿ ಕಾಯಿಕೊರಕದ ಔಷಧಿ ಮಾರುವ ಅಂಗಡಿ ಇಟ್ಟವರು ನಮ್ಮವರಲ್ಲೇ ಇದ್ದಾರೆ, ಅವರನ್ನು ನಾವು ಆಡಿಕೊಳ್ಳುವವರಲ್ಲ. ನಡುಮನೆಯ ಅಂದಕ್ಕೆ ಮಾಡುವುದು ಸಂಕಲ್ಪೀ ಹಿಂಸೆ. ಗೃಹಸ್ಥನಿಗೂ ಅದು ಸಲ್ಲದು.

ಮಾತು ಇಲ್ಲಿಗೆ ಬಂದಾಗ ಇನ್ನೊಂದೂ ಹೊರಬಿತ್ತು. ಮೀನುಗಳಿಗೆ ಹಾಕುತ್ತಿದ್ದ ಆಹಾರ ಹಿಮಗಟ್ಟಿಸಿದ ಸಣ್ಣ ಸೀಗಡಿ! ನಮ್ಮ ಮನೆಯವರು ಕಿವಿ ಮುಚ್ಚಿಕೊಂಡರು. ಕಡಲಿಗೆ ಬಿಟ್ಟುಬಿಡಿ, ಜೀವದಯೆಯ ಪುಣ್ಯ ಬರುತ್ತದೆ ಎಂದರು. ಅದಕ್ಕೆ ಅಳಿಯಂದಿರು ಹೇಳಿದ್ದು ಸರಿಯಿತ್ತು: ನಮ್ಮ ಕಡೆಯ ಸಾಗರಗಳ ಸಿಂಹಮೀನು ಹೀಗೆಯೇ ಸಾಕುವವರ ತೊಟ್ಟಿಗಳಿಂದ ಅಟ್ಲಾಂಟಿಕ್ ಸೇರಿತೆನ್ನುತ್ತಾರೆ; ೧೯೮೫ರಲ್ಲಿ ಫ್ಲೋರಿಡಾದ ಬಳಿ ಕಂಡದ್ದು ಇಂದು ಕೆರಿಬಿಯನ್ ತನಕ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕುತ್ತಿದೆ. ಪರ್ಯುಷಣದಲ್ಲೋ ದಶಲಕ್ಷಣದಲ್ಲೋ ಸಂತೆಯಿಂದ ಮೀನು ಪಕ್ಷಿ ಕೊಂಡು ಬಿಡಿಸುವ ನಮ್ಮ ಬಂಧುಗಳೂ ಎಲ್ಲಿ ಬಿಡುತ್ತೇವೆಂದು ವಿಚಾರಿಸಿ ಬಿಡಬೇಕು.

ಕೊನೆಗೆ ಆದ ಏರ್ಪಾಡು ಇದು. ಅಟ್ಟದ ಮೇಲೆ ಎರಡಡಿಯ ಹಳೆಯ ತೊಟ್ಟಿಯೊಂದಿತ್ತು. ಅದನ್ನು ತೊಳೆದು ಉಪ್ಪುನೀರು ತುಂಬಿ, ಒಂದು ದೀಪ, ಒಂದು ಪಂಪು ಹಾಕಿಸಿದೆವು. ಹೆಚ್ಚು ಐಪ್ಟೇಸಿಯಾ ಇದ್ದ ಎರಡು ಕಲ್ಲುಗಳನ್ನು, ಒಂದನ್ನೂ ಕೀಳದೆ, ಕಲ್ಲು ಸಮೇತ ಎತ್ತಿ ಅದರಲ್ಲಿಟ್ಟರು. ದೊಡ್ಡ ಕಲ್ಲು ಕದಲಿಸುವಂತಿರಲಿಲ್ಲ. ಅದರ ಬಳಿಯಿದ್ದ ಹಸಿರು ಹವಳವನ್ನೇ ಬಿಡಿಸಿ ಎದುರು ತುದಿಯ ಎತ್ತರಕ್ಕೆ ಅಂಟಿಸಿದರು. ಮೇವು ಹೆಚ್ಚಾದರೆ ಈ ಪ್ರಾಣಿಯೂ ಹೆಚ್ಚುತ್ತದೆ, ಆದ್ದರಿಂದ ಮೇವನ್ನು ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟಕ್ಕೆ ಇಳಿಸಿದರು. ಪಾಚಿ ತಿನ್ನುವ ಮೀನಿಗೆ ಒಣಗಿಸಿದ ಕಡಲಪಾಚಿ ಸಾಕಾಯಿತು. ಉಳಿದ ಎರಡು ಮೀನುಗಳಿಗೆ ಹಳೆಯ ಆಹಾರವೇ. ಅವುಗಳನ್ನು ಉಪವಾಸ ಕೆಡವುವುದು ನಮ್ಮಿಂದಾಗಲಿಲ್ಲ, ಮನಸ್ಸಿಗೆ ಸಮಾಧಾನವೂ ಇಲ್ಲ. ಇವು ತಮ್ಮ ಆಯುಷ್ಯ ತೀರಿಸಿದ ಮೇಲೆ ಹೊಸದಾಗಿ ಕೊಳ್ಳುವುದಿಲ್ಲವೆಂದು ಹುಡುಗನಿಂದ ಮಾತು ತೆಗೆದುಕೊಂಡೆವು. ಸುಲಭವಾಗಿ ಕೊಡಲಿಲ್ಲ, ಎರಡು ದಿನ ಹಿಡಿಯಿತು.

ಸಣ್ಣ ತೊಟ್ಟಿಗೆ ಅವರ ಅಜ್ಜಿ ಪಾಂಜರಾಪೋಳ ಎಂದು ಹೆಸರಿಟ್ಟರು. ಹುಡುಗ ಅದನ್ನೇ ಕಾಗದದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದ, ಪಕಾರಕ್ಕೆ ದೀರ್ಘ ಬಿಟ್ಟು.

ದೊಡ್ಡ ತೊಟ್ಟಿಯಲ್ಲಿ ಈಗಲೂ ನಾಲ್ಕೈದು ಉಳಿದಿವೆ. ಹವಳ ಬಿಳಚಿದ ಮಗ್ಗುಲಲ್ಲಿ ಮತ್ತೆ ಹಸಿರು ಹತ್ತಿದೆ, ಪೂರ್ತಿ ಅಲ್ಲ. ಪಾಂಜರಾಪೋಳದಲ್ಲಿ ಕಳೆದ ದೀಪಾವಳಿಯ ಎಣಿಕೆಗೆ ಅರವತ್ತು ದಾಟಿವೆ. ಅದರ ದೀಪದ ಕರೆಂಟು ಖರ್ಚನ್ನು ಹುಡುಗ ತಿಂಗಳು ತಿಂಗಳೂ ನಮ್ಮ ಹೆಸರಿಗೆ ಬರೆದಿಡುತ್ತಿದ್ದಾನೆ. ಮುಂದಿನ ಸಲ ಹೋದಾಗ ಚುಕ್ತಾ ಮಾಡಬೇಕಾಗಿದೆ.