ಬಿಟ್ಟಿ ಕೋಣೆಯ ಬಾಡಿಗೆ

ಲಾಸ್ ವೇಗಸ್‌ನಲ್ಲಿ ಯಾರಿಗೆ ಕೋಣೆ ಬಿಟ್ಟಿ ಸಿಗುತ್ತದೋ ಅವರಿಗೆ ಅದರಲ್ಲಿ ಮಲಗುವ ಪುರುಸೊತ್ತು ಇರುವುದಿಲ್ಲ. ಪುರುಸೊತ್ತು ಇದ್ದವರಿಗೆ ಯಾರೂ ಬಿಟ್ಟಿ ಕೊಡುವುದಿಲ್ಲ. ನಮ್ಮ ಪುಣ್ಯಕ್ಕೆ ಆಡುವುದಕ್ಕೆ ನನ್ನ ಬಾಮೈದನಿದ್ದ, ಮಲಗುವುದಕ್ಕೆ ನಾನೂ ನನ್ನ ಹೆಂಡತಿಯೂ ಇದ್ದೆವು.

ಬಾಮೈದ ಇರುವುದು ಲಾಸ್ ಏಂಜಲೀಸ್ ಪಕ್ಕದ ಅರ್ವೈನ್‌ನಲ್ಲಿ. ಮಾರ್ಚ್ ಕೊನೆಯಲ್ಲಿ ನಾವು ಅವನ ಮನೆಯಲ್ಲಿದ್ದಾಗ ಒಂದು ಬೆಳಿಗ್ಗೆ ಫೋನ್ ಹಿಡಿದುಕೊಂಡು ಬಂದ. “ಭಾವ, ವೇಗಸ್‌ನಲ್ಲಿ ಮಂಗಳವಾರ, ಬುಧವಾರ ರೂಮ್ ಕಾಂಪ್ ಆಗಿದೆ. ಸುಮ್ಮನೆ ಹೋಗಿ ಬರೋಣ.” ಕಾಂಪ್ ಎಂದರೆ ಕ್ಯಾಸಿನೊದವರ ಲೆಕ್ಕದಲ್ಲಿ ಪುಗಸಟ್ಟೆ. ನನ್ನ ಹೆಂಡತಿ ಒಗ್ಗರಣೆ ಸೌಟು ಕೆಳಗಿಡದೆಯೇ ಕೇಳಿದಳು, “ಸುಮ್ಮನೆ ಯಾರೋ ಕೊಡ್ತಾರೆ ನಿಂಗೆ?” ನಾನು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡವನು. ಬಿಟ್ಟಿ ಎಂದವರ ವೋಚರ್ ಹುಡುಕುವುದೇ ನನ್ನ ಕೆಲಸವಾಗಿತ್ತು. ಹೋಗೋಣ ಎಂದೆ.

ದಾರಿ ಸುಮಾರು 270 ಮೈಲಿ. ಕಹೋನ್ ಕಣಿವೆ ಹತ್ತಿ ಆಚೆ ಇಳಿದರೆ ಮೊಹಾವಿ ಮರುಭೂಮಿ. ಕೈಯೆತ್ತಿ ನಿಂತಂತಿರುವ ಜೋಶುವಾ ಮರಗಳು, ಅಲ್ಲಲ್ಲಿ ತುಕ್ಕು ಹಿಡಿದ ಟ್ರೇಲರ್, ಮಿಕ್ಕಂತೆ ಬಟ್ಟ ಬಯಲು. ಬೇಕರ್ ಎಂಬ ಸಣ್ಣ ಊರಿನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಹತ್ತಿರದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನ ನೆನಪಿಗೆ. ಬಿಸಿಲಿಗೂ ಸ್ಮಾರಕ ಕಟ್ಟುವ ಜನ. ನಾವು ಅದರ ನೆರಳಿನಲ್ಲಿ ಕೂತು ಡಬ್ಬಿಯ ಪುಳಿಯೋಗರೆ ತಿಂದೆವು. ನೆವಾಡಾ ಗಡಿ ದಾಟಿದ್ದೇ ತಡ, ಬೇರೇನೂ ಇಲ್ಲದ ಬಯಲಿನಲ್ಲಿ ಪ್ರಿಮ್ ಎಂಬಲ್ಲಿ ಕ್ಯಾಸಿನೊ ಕಟ್ಟಡಗಳು ಎದ್ದು ನಿಂತಿದ್ದವು. ಇನ್ನೂ ಮುಕ್ಕಾಲು ಗಂಟೆ ಕಾಯಲಾರದವರಿಗೆ ಎಂದು ಕಾಣುತ್ತದೆ.

ದೊಡ್ಡ ಕ್ಯಾಸಿನೊಗಳ ಸಾಲುಬೀದಿಯಾದ ಸ್ಟ್ರಿಪ್ ಮೇಲಿನ ನಮ್ಮ ಹೋಟೆಲಿನ ಹೆಸರು ಬೇಡ. ಕೌಂಟರಿನಲ್ಲಿ ಎರಡು ಸಾಲು: ಒಂದು ಉದ್ದ, ಒಂದು ಗಿಡ್ಡ. ಗಿಡ್ಡದು, ಆಟದ ಲೆಕ್ಕ ಇಡುವ ಕ್ಯಾಸಿನೊ ಕಾರ್ಡಿನಲ್ಲಿ ಮೇಲ್ದರ್ಜೆಯದು ಇದ್ದವರಿಗೆ. ಬಾಮೈದ ಅದರ ಕಡೆ ಒಮ್ಮೆ ನೋಡಿ ಉದ್ದದ ಸಾಲಿಗೆ ಸೇರಿಕೊಂಡ. ಚೀಟಿ ಬಂದಾಗ ಕೋಣೆ ಬಾಡಿಗೆ ಸೊನ್ನೆ ನಿಜ. ಅದರ ಕೆಳಗೆ ರೆಸಾರ್ಟ್ ಫೀ ಅಂತ ದಿನಕ್ಕೆ 50 ಡಾಲರಿನ ಆಸುಪಾಸು, ಕಾರು ನಿಲ್ಲಿಸಲು ಬೇರೆ. ಜಿಮ್, ಈಜುಕೊಳ, ವೈಫೈಗಂತೆ. ಬೇಡ ಅಂದರೂ ಕೊಡಬೇಕು. ಗಿಡ್ಡ ಸಾಲಿನವರಿಗೆ ಮಾತ್ರ ಮಾಫಿ. ಕೋಣೆಯೇನೋ ಚೆನ್ನಾಗಿತ್ತು, ಎರಡು ವಿಶಾಲವಾದ ಮಂಚ, ಕಿಟಕಿಯ ತುಂಬ ಬೆಟ್ಟ. ಆದರೆ ನೀರು ಕಾಯಿಸಲು ಒಂದು ಕೆಟಲ್ ಇಲ್ಲ. ಪುಟ್ಟ ಫ್ರಿಜ್‌ನಲ್ಲಿ ಬಾಟಲಿ ಎತ್ತಿಟ್ಟರೂ ಸೆನ್ಸರ್ ಬಿಲ್ ಹಾಕುತ್ತದೆ ಎಂದು ಬಾಮೈದ ಎಚ್ಚರಿಸಿದ. ಕಾಫಿ ಬೇಕಾದರೆ ಲಿಫ್ಟ್ ಇಳಿದು ಕ್ಯಾಸಿನೊ ನಡುವೆಯೇ ಹಾದು ಹೋಗಬೇಕು. ಬೆಳಿಗ್ಗೆ ಆರಕ್ಕೆ ಹಲ್ಲುಜ್ಜಿ ಇಳಿದರೂ ಅಲ್ಲಿ ನಿನ್ನೆ ರಾತ್ರಿ ಇನ್ನೂ ಮುಗಿದಿರುವುದಿಲ್ಲ.

ಆ ಕಾಫಿ ಅಂಗಡಿಯಲ್ಲಿ ಕೂತು ಬಾಮೈದ ಟಿಶ್ಯೂ ಕಾಗದದ ಮೇಲೆ ನನಗೆ ಲೆಕ್ಕ ಬಿಡಿಸಿ ಹೇಳಿದ. ನಾವು ಎಷ್ಟು ಸೋತೆವು ಎನ್ನುವುದು ಕ್ಯಾಸಿನೊಗೆ ಅಷ್ಟು ಮುಖ್ಯವಲ್ಲ. ಎಷ್ಟು ಸೋಲಬೇಕಿತ್ತು ಎನ್ನುವುದು ಮುಖ್ಯ. ಅದಕ್ಕೆ ‘ಥಿಯೋ’ ಅನ್ನುತ್ತಾರೆ. ಸರಾಸರಿ ಪಣ, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ, ಅದರಲ್ಲಿ ಕ್ಯಾಸಿನೊದವರ ಪಾಲು ಎಷ್ಟು, ಇವನ್ನು ಗುಣಿಸಿದರೆ ಬರುವ ಮೊತ್ತ. ಸ್ಲಾಟ್ ಯಂತ್ರದಲ್ಲಿ ಸಲಕ್ಕೆ ಒಂದು ಡಾಲರ್ ಹಾಕಿ ಗಂಟೆಗೆ 600 ಸಲ ಗುಂಡಿ ಒತ್ತಿದರೆ ನಾಲ್ಕು ಗಂಟೆಗೆ 2,400 ಡಾಲರ್ ಯಂತ್ರದೊಳಗೆ ಹಾದುಹೋದಂತೆ. ಅಷ್ಟು ದುಡ್ಡು ಜೇಬಿನಲ್ಲಿ ಇರಬೇಕಿಲ್ಲ, ಅದೇ ನೋಟು ಗೆದ್ದು ಸೋತು ಸುತ್ತುತ್ತಿರುತ್ತದೆ. ಸೆಂಟಿನ ಲೆಕ್ಕದಲ್ಲಿ ಪಣ ಎಣಿಸುವ ಇಂಥ ಪೆನ್ನಿ ಯಂತ್ರಗಳು ನೂರಕ್ಕೆ ಸುಮಾರು ಹತ್ತು ಉಳಿಸಿಕೊಳ್ಳುತ್ತವೆ ಎಂದು ನೆವಾಡಾ ಸರ್ಕಾರದ ಅಂಕಿಅಂಶವೇ ಹೇಳುತ್ತದೆ. ಅಲ್ಲಿಗೆ ಥಿಯೋ 240 ಡಾಲರ್, ನಮ್ಮ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಅದರಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಕೋಣೆ, ಊಟ, ಟಿಕೆಟ್ ರೂಪದಲ್ಲಿ ತಿರುಗಿ ಕೊಡುತ್ತಾರೆ. ಕೊಡುವುದು ಕೂಡ ಭಾನುವಾರದಿಂದ ಗುರುವಾರದೊಳಗೆ, ಹೇಗೂ ಖಾಲಿ ಬಿದ್ದಿರುವ ಕೋಣೆ. ಅದನ್ನು ಕೊಟ್ಟರೆ ಅವರಿಗೆ ತಗಲುವ ಖರ್ಚು ಹಾಸಿಗೆ ಬಟ್ಟೆ ಒಗೆಸಿದ್ದು, ಕಸ ಗುಡಿಸಿದ್ದು. ನಮ್ಮ ಲೆಕ್ಕದಲ್ಲಿ ಮಾತ್ರ ಅದು ಬೋರ್ಡಿನ ಮೇಲಿನ ಪೂರ್ತಿ ಬಾಡಿಗೆ. ಒಂದೇ ಕೋಣೆಗೆ ಕೊಡುವವನ ಪುಸ್ತಕದಲ್ಲಿ ಒಂದು ಬೆಲೆ, ಪಡೆಯುವವನ ಪುಸ್ತಕದಲ್ಲಿ ಇನ್ನೊಂದು. ಇಂಥ ಖಾತೆಯನ್ನು ನಾನು ಸರ್ವಿಸಿನಲ್ಲಿ ನೋಡಿದ್ದರೆ ಮ್ಯಾನೇಜರನನ್ನು ಕರೆದು ಕೂರಿಸುತ್ತಿದ್ದೆ.

“ನೀವೂ ಒಂದು ಕಾರ್ಡ್ ಮಾಡಿಸಿ ಭಾವ,” ಎಂದ. ಪಾಸ್‌ಪೋರ್ಟ್ ತೋರಿಸಿದರೆ ಎರಡು ನಿಮಿಷದಲ್ಲಿ ಕಾರ್ಡ್ ಕೊಟ್ಟರು. ನಮ್ಮಂಥ ವಿದೇಶಿಯರಿಗೆ ಯಂತ್ರದಲ್ಲಿ ದೊಡ್ಡ ಮೊತ್ತ ಬಿದ್ದರೆ 30% ತೆರಿಗೆ ಹಿಡಿದೇ ಕೊಡುತ್ತಾರೆ ಎನ್ನುವುದು ಆಮೇಲೆ ತಿಳಿಯಿತು. ಬೀಳಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. ಇಪ್ಪತ್ತು ಡಾಲರ್ ಹಾಕೋಣವೆಂದು ಕೂತರೆ ಅವನೇ ತಡೆದ: “ಕಾರ್ಡ್ ಹಾಕ್ಬೇಡಿ, ಆವರೇಜ್ ಬಿದ್ದುಹೋಗುತ್ತೆ!” ಒಟ್ಟು ಥಿಯೋವನ್ನು ಆಡಿದ ದಿನಗಳಿಂದ ಭಾಗಿಸುತ್ತಾರಂತೆ. ಒಂದು ದಿನ ಜೋರಾಗಿ ಆಡಿ ಮಾರನೆಯ ದಿನ ಹತ್ತು ನಿಮಿಷ ಕಾರ್ಡ್ ಹಾಕಿ ಆಡಿದರೆ ಸರಾಸರಿ ಅರ್ಧಕ್ಕಿಳಿದು ಮುಂದಿನ ಸಲದ ಆಫರ್ ಕೃಶವಾಗುತ್ತದೆ. ಸ್ವಲ್ಪವೇ ಆಡುವವನಿಗೆ ಇಲ್ಲಿ ದಂಡ. ಕಾರ್ಡಿಲ್ಲದೆ ಹಾಕಿದ ನನ್ನ ಇಪ್ಪತ್ತು ಡಾಲರ್ ಏಳೆಂಟು ನಿಮಿಷ ಬಾಳಿತು.

ಯಂತ್ರಗಳ ಸಾಲಿನಲ್ಲಿ ಕಣ್ಣಿಗೆ ಬಿದ್ದದ್ದು ಒಂದು ದಾರ. ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ದಾರ. ಒಂದು ತುದಿ ಯಂತ್ರದ ಬಾಯಲ್ಲಿರುವ ಕಾರ್ಡಿಗೆ, ಇನ್ನೊಂದು ಆಡುವವರ ಅಂಗಿಯ ಗುಂಡಿಗೆ. ಎದ್ದು ಹೋಗುವಾಗ ಕಾರ್ಡ್ ಮರೆಯದಿರಲೆಂದು. ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಜನ ಆ ಹಗ್ಗದ ಅಳತೆಯಲ್ಲೇ ಕಾಫಿ ಕುಡಿಯುತ್ತಾರೆ, ಫೋನ್ ಮಾಡುತ್ತಾರೆ, ಮೈ ಮುರಿಯುತ್ತಾರೆ. ನನ್ನ ಪಕ್ಕದಲ್ಲಿ ನೇರಳೆ ದಾರ ಹಾಕಿಕೊಂಡಿದ್ದ ಅಜ್ಜಿ ಸ್ಯಾನ್ ಬರ್ನಾರ್ಡಿನೊದಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದವರು. ಗೆದ್ದಿರಾ ಸೋತಿರಾ ಎಂದು ಕೇಳಿದ್ದಕ್ಕೆ ಉತ್ತರವೇ ಕೊಡಲಿಲ್ಲ. ಬದಲಿಗೆ, ಖಾಯಂ ಗಿರಾಕಿಗಳನ್ನು ನೋಡಿಕೊಳ್ಳುವ ಇಲ್ಲಿನ ಹೋಸ್ಟ್ ಹುಡುಗಿ ತಮ್ಮ ಹುಟ್ಟಿದ ಹಬ್ಬಕ್ಕೆ ಫೋನ್ ಮಾಡಿದ್ದನ್ನು ಹೇಳಿದರು. ಮಗ ಮಾಡಿದ್ದನೋ ಇಲ್ಲವೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರಿಗೆ ಕೋಣೆ ಬಿಟ್ಟಿ, ರೆಸಾರ್ಟ್ ಫೀ ಮಾಫಿ, ಗಿಡ್ಡ ಸಾಲು. ಬಾಮೈದ ಗಿಡ್ಡ ಸಾಲಿನ ಕಡೆ ನೋಡಿದ ನೋಟ ಆಗ ನನಗೆ ಅರ್ಥವಾಯಿತು. ಐವತ್ತು ಡಾಲರ್ ಉಳಿಸುವ ಆಸೆಯಲ್ಲ ಅದು. ನೂರಾರು ಜನ ಕಾಯುವ ಕಡೆ ಹೆಸರು ಹಿಡಿದು ಕರೆಸಿಕೊಳ್ಳುವ ಆಸೆ.

ಬಿಟ್ಟಿ ಕೋಣೆಯ ಚರಿತ್ರೆ ಇಲ್ಲಿ ಹಳೆಯದು. 1931ರಲ್ಲಿ ನೆವಾಡಾ ಜೂಜನ್ನು ಕಾನೂನುಬದ್ಧಗೊಳಿಸಿತು. ಅದೇ ವರ್ಷ ಹತ್ತಿರದಲ್ಲಿ ಹೂವರ್ ಅಣೆಕಟ್ಟಿನ ಕೆಲಸ ಶುರುವಾಗಿ ಕೂಲಿಗಳ ಕೈಯಲ್ಲಿ ಸಂಬಳ ಓಡಾಡತೊಡಗಿತು. 1941ರಲ್ಲಿ ಎಲ್ ರಾಂಚೊ ವೇಗಸ್, 1946ರಲ್ಲಿ ಫ್ಲಮಿಂಗೊ ಎದ್ದವು. ಕೋಣೆ, ಊಟ, ಕುಡಿತ ಎಲ್ಲವೂ ಆಗ ಗಾಳದ ತುದಿಯ ಎರೆಹುಳು. ಲಾಭವೆಲ್ಲ ಆಟದ ಮೇಜಿನಲ್ಲಿ. ಈಗ ಲೆಕ್ಕ ತಿರುಗಿದೆ. ಸ್ಟ್ರಿಪ್‌ನ ದೊಡ್ಡ ಹೋಟೆಲುಗಳ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಕೋಣೆ, ಊಟ, ಸಂಗೀತ, ಸಮ್ಮೇಳನಗಳದ್ದು. ಕೋಣೆಯೇ ವ್ಯಾಪಾರವಾದ ಮೇಲೆ ಅದನ್ನು ಕಂಡಕಂಡವರಿಗೆ ಹಂಚುತ್ತಾರೆಯೇ? ರೆಸಾರ್ಟ್ ಫೀ ಬಂದದ್ದು, ದಶಕಗಳಿಂದ ಪುಕ್ಕಟೆಯಾಗಿದ್ದ ಪಾರ್ಕಿಂಗ್‌ಗೆ 2016ರಲ್ಲಿ ಎಂಜಿಎಂ ಕಂಪನಿ ದುಡ್ಡು ಕೇಳಲು ಶುರುಮಾಡಿದ್ದು ಈ ತಿರುವಿನಲ್ಲೇ. ನಮ್ಮ ಹುಬ್ಬಳ್ಳಿ, ಬೆಳಗಾವಿಯವರು ಗೋವಾದಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತುತ್ತಾರಲ್ಲ, ಅಲ್ಲಿನ ಪದ್ಧತಿ ಇದಕ್ಕಿಂತ ನೇರ. ಬಾಗಿಲಲ್ಲೇ ದುಡ್ಡು ಕಟ್ಟಿಸಿಕೊಂಡು ಊಟವನ್ನೂ ಆಡಲು ಒಂದಿಷ್ಟು ಚಿಪ್‌ಗಳನ್ನೂ ಅದರಲ್ಲೇ ಸೇರಿಸಿಬಿಡುತ್ತಾರೆ.

ಕಾರ್ಡಿನ ಲೆಕ್ಕವನ್ನು ಶಾಸ್ತ್ರವನ್ನಾಗಿ ಮಾಡಿದ್ದು ಗ್ಯಾರಿ ಲವ್‌ಮನ್. ಹಾರ್ವರ್ಡ್‌ನ ಪ್ರೊಫೆಸರ್ ಆಗಿದ್ದವರು 1998ರಲ್ಲಿ ಹ್ಯಾರಾಸ್ ಕ್ಯಾಸಿನೊ ಕಂಪನಿ ಸೇರಿದರು. ಕಾರ್ಡುಗಳ ಮಾಹಿತಿ ಜಾಲಾಡಿದಾಗ, ಬರುವವರಲ್ಲಿ 26% ಜನರೇ 82% ಆದಾಯ ತರುತ್ತಾರೆ ಎಂದು ತಿಳಿಯಿತು. ಅವರು ಕೋಟ್ಯಧೀಶರಲ್ಲ, ನಿವೃತ್ತ ಮೇಷ್ಟ್ರುಗಳು, ಡಾಕ್ಟರುಗಳು, ಕಾರ್ಖಾನೆಯವರು, ಬ್ಯಾಂಕಿನವರು. ಕೊನೆಯ ಹೆಸರು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಲವ್‌ಮನ್ ಮಾಡಿದ ಒಂದು ಪ್ರಯೋಗ ನಮ್ಮ ಬಿಟ್ಟಿ ಕೋಣೆಯ ಬುಡಕ್ಕೇ ಕೈಹಾಕುತ್ತದೆ. ಒಂದು ಗುಂಪಿಗೆ 125 ಡಾಲರಿನ ಕೊಡುಗೆ: ಬಿಟ್ಟಿ ಕೋಣೆ, ಎರಡು ಊಟ, 30 ಡಾಲರಿನ ಚಿಪ್. ಇನ್ನೊಂದು ಗುಂಪಿಗೆ ಬರೀ 60 ಡಾಲರಿನ ಚಿಪ್. ಎರಡನೆಯ ಗುಂಪೇ ಹೆಚ್ಚು ಆಡಿತು. ಆಡುವ ಚಟ ಇರುವವರಿಗೆ ಬೇಕಾದದ್ದು ಆಟ. ಕೋಣೆಗೆ ಆಸೆ ಪಡುವವರು ಕೋಣೆ ತಗೊಂಡು ಮಲಗಿಬಿಡುತ್ತಾರೆ, ನಮ್ಮ ಹಾಗೆ.

ಬುಧವಾರ ಸಂಜೆ ಬಾಮೈದ ಮೇಜಿನಾಟಕ್ಕೆ ಕೂತ. ಮೊದಲು ರೂಲೆಟ್ ನೋಡಿದೆವು. ಚಕ್ರದಲ್ಲಿ ಒಂದು ಸೊನ್ನೆ ಇದ್ದರೆ ಕ್ಯಾಸಿನೊದವರ ಪಾಲು 2.70%, ಎರಡಿದ್ದರೆ 5.26%, ಈಗ ಸ್ಟ್ರಿಪ್‌ನ ಎಷ್ಟೋ ಚಕ್ರಗಳಲ್ಲಿ ಮೂರು ಸೊನ್ನೆ, 7.69%. ಜನ ಸೊನ್ನೆ ಎಣಿಸುವುದಿಲ್ಲ. ಬ್ಲ್ಯಾಕ್‌ಜಾಕ್‌ನಲ್ಲೂ ಹೀಗೇ ಕೈಯಾಡಿಸಿದ್ದಾರೆ: ಹತ್ತು ಡಾಲರ್ ಕಟ್ಟಿ ಬ್ಲ್ಯಾಕ್‌ಜಾಕ್ ಬಿದ್ದರೆ ಹಿಂದೆ 15 ಕೊಡುತ್ತಿದ್ದರು, ಕಡಿಮೆ ಪಣದ ಮೇಜುಗಳಲ್ಲಿ ಈಗ 12. ಬಾಮೈದ ಮ್ಯಾಕ್ಸ್ ರೂಬಿನ್ ಎಂಬವರು 1994ರಲ್ಲಿ ಬರೆದ ‘ಕಾಂಪ್ ಸಿಟಿ’ ಓದಿಕೊಂಡವನು. ಕಡಿಮೆ ಆಡಿ ಹೆಚ್ಚು ಆಡಿದಂತೆ ಕಾಣಿಸುವುದು ಹೇಗೆ ಎಂಬ ವಿದ್ಯೆ ಅದು. ಸೂಪರ್‌ವೈಸರ್ ಪಕ್ಕಕ್ಕೆ ಬಂದಾಗ ಪಣ ಏರಿಸಬೇಕು, ಅವನು ಬರೆದುಕೊಂಡು ಹೋದ ಮೇಲೆ ಇಳಿಸಬೇಕು. ಆಗಾಗ ಬಾತ್‌ರೂಮಿಗೆ ಎದ್ದು ಹೋಗಬೇಕು, ಗಂಟೆ ಓಡುತ್ತಿರಬೇಕು. ಇವನು ಸೂಪರ್‌ವೈಸರ್ ಬಂದಾಗ ಏರಿಸಿದ. ಅದೇ ಕೈ ಸೋತ. ಸೋತದ್ದನ್ನು ಎತ್ತಬೇಕೆಂದು ಇಳಿಸುವುದನ್ನೇ ಮರೆತ. ಯಂತ್ರದ ಮುಂದೆ ಈ ವಿದ್ಯೆಯೂ ನಡೆಯದು, ಅದು ಪ್ರತಿ ಗುಂಡಿಯನ್ನೂ ಎಣಿಸುತ್ತದೆ. ಬಾರ್ ಕಟ್ಟೆಯ ವಿಡಿಯೊ ಪೋಕರ್‌ಗೆ ಈಗ ಪುಟ್ಟ ದೀಪ ಬೇರೆ ಇಟ್ಟಿದ್ದಾರೆ. ಕೂತವನು ಬಿಟ್ಟಿ ಕುಡಿಯುವಷ್ಟು ಆಡಿದ್ದಾನೋ ಇಲ್ಲವೋ ಎಂಬುದನ್ನು ಅದು ಬಣ್ಣ ಬದಲಿಸಿ ಬಾರಿನವನಿಗೆ ಹೇಳುತ್ತದೆ.

ಮೇಲಂತಸ್ತಿನಲ್ಲೂ ಇದೇ ಲೆಕ್ಕ, ಸೊನ್ನೆಗಳು ಮಾತ್ರ ಹೆಚ್ಚು. ನೆಬ್ರಾಸ್ಕಾದ ವ್ಯಾಪಾರಿ ಟೆರನ್ಸ್ ವಟನಾಬೆ 2007ರ ಒಂದೇ ವರ್ಷದಲ್ಲಿ ಇಲ್ಲಿ ಸುಮಾರು 12.7 ಕೋಟಿ ಡಾಲರ್ ಕಳೆದುಕೊಂಡರು. ಅವರಿಗೂ ಕೋಣೆ ಬಿಟ್ಟಿಯಾಗಿತ್ತು.

ನನ್ನ ಹೆಂಡತಿ ಮಾತ್ರ ವೇಗಸ್ ಅನ್ನು ಗೆದ್ದು ಬಂದವಳು. ಎರಡು ರಾತ್ರಿಯೂ ಸುಖವಾಗಿ ನಿದ್ದೆ ಹೊಡೆದಳು. ಹಗಲೆಲ್ಲ ನಡೆದಳು. ಬೆಲಾಜಿಯೊದ ಹೂತೋಟಕ್ಕೆ ಟಿಕೆಟ್ ಇಲ್ಲ, ಅದರ ಎದುರಿನ ಕೊಳದಲ್ಲಿ ಕುಣಿಯುವ ಕಾರಂಜಿಗೂ ಇಲ್ಲ. ಒಂದು ಹಾಡು ಮುಗಿದ ಮೇಲೆ ಇನ್ನೊಂದಕ್ಕೆ ಕಾಯುತ್ತಾ ಕಟ್ಟೆ ಹಿಡಿದು ನಿಂತಳು. ಹಿಂದಿರುಗುತ್ತಾ ಫೋನಿನಲ್ಲಿ ನಮ್ಮದೇ ಹೋಟೆಲಿನ ಮುಂದಿನ ಮಂಗಳವಾರದ ಬಾಡಿಗೆ ತೆಗೆದು ತೋರಿಸಿದಳು: 45 ಡಾಲರ್, ಫೀ ಬಿಟ್ಟು. “ಇಷ್ಟಕ್ಕೆ ಇವನು ರಾತ್ರಿಯೆಲ್ಲ ಕಣ್ಣು ಕೆಂಪು ಮಾಡ್ಕೋಬೇಕಾ?” ಆಡುವುದೇ ಖುಷಿ, ಸಿನಿಮಾಕ್ಕೆ ಕೊಟ್ಟ ಹಾಗೆ ಇಷ್ಟು ದುಡ್ಡು ಹೋಗಲಿ ಎಂದು ಎತ್ತಿಟ್ಟು ಬರುವವನಾದರೆ ಕಾರ್ಡ್ ಹಾಕಿ ಕೋಣೆ ಪಡೆಯಲಿ, ಬಂದಷ್ಟು ಬಂತು. ಕೋಣೆಗಾಗಿ ಆಡಲು ಕೂತವನು 45 ಡಾಲರ್ ಎಸೆದು ಬೀಗದ ಕೈ ಇಸಿದುಕೊಳ್ಳುವುದೇ ವಾಸಿ.

ವಾಪಸ್ ಬರುವಾಗ ಬಾರ್‌ಸ್ಟೋದಲ್ಲಿ ಕಾಫಿಗೆ ನಿಂತೆವು. ಕೇಳಿದರೆ ಕ್ಯಾಸಿನೊದವರು ವರ್ಷದ ಗೆಲುವು ಸೋಲಿನ ಸ್ಟೇಟ್‌ಮೆಂಟ್ ಕೊಡುತ್ತಾರೆ, ತೆರಿಗೆಗೆ ಬೇಕಾಗುತ್ತದೆ. ಹೋದ ವರ್ಷದ್ದು ತೆಗಿ ನೋಡೋಣ ಎಂದೆ. ಬಾಮೈದ ಗೊಣಗುತ್ತಲೇ ತೆಗೆದ. ನಾಲ್ಕು ಸಾವಿರ ಡಾಲರ್ ದಾಟಿದ ಸೋಲು. “ಅದರಲ್ಲಿ ರೂಮಿಂದೇ ಎರಡು ಸಾವಿರ ಕಳೀರಿ ಭಾವ, ಊಟ ಒಂದು ಆರುನೂರು, ಶೋ ಟಿಕೆಟ್ ಬೇರೆ,” ಎಂದು ಬೆರಳು ಮಡಿಸತೊಡಗಿದ. ರೂಮನ್ನು ಬೋರ್ಡಿನ ಬೆಲೆಗೆ ಹಿಡಿಯಬೇಡ, ಮಂಗಳವಾರದ ಬೆಲೆಗೆ ಹಿಡಿ ಎಂದೆ. ಹಿಡಿದ. ಎರಡು ಸಾವಿರ ಇದ್ದದ್ದು ಆರುನೂರಕ್ಕಿಳಿಯಿತು.

“ಆದ್ರೂ ಭಾವ, ದುಡ್ಡು ಕೊಟ್ಟಾದ್ರೆ ನಾನು ಹೋಗ್ತಾನೇ ಇರಲಿಲ್ಲವಲ್ಲ,” ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ಸೀಟಿನಿಂದ ನನ್ನ ಹೆಂಡತಿ ಹೇಳಿದಳು, “ಮುಂದಿನ ಸಲ ಎರಡು ರೂಮ್ ಕೇಳೋ. ನಿಮ್ಮ ಭಾವ ಗೊರಕೆ ಹೊಡೀತಾರೆ.”

“ಎರಡು ಬೇಕಂದ್ರೆ ಇನ್ನೂ ಸ್ವಲ್ಪ ಆಡಬೇಕಾಗುತ್ತೆ ಅಕ್ಕ,” ಎಂದು ಅವನು ಗಾಡಿ ಸ್ಟಾರ್ಟ್ ಮಾಡಿದ.